‘ಚೂಸ್ ಫೈಲ್’ ಬಟನ್ ಬಾಯಿ ಬಿಟ್ಟಾಗ

ಅರ್ಜಿ ಹಾಕಲು ಕೊನೆಯ ದಿನ, ರಾತ್ರಿ ಹನ್ನೊಂದೂವರೆ. ಕೈಯಲ್ಲಿದ್ದ ಫೋಟೊ 212 ಕೆಬಿ, ಅವರು ಕೇಳಿದ್ದು 50 ಕೆಬಿ. ಮೂರನೇ ಸಲವೂ ಕೆಂಪಕ್ಷರ ಮೂಡಿದಾಗ ಪತ್ರಿಕೆಯ ಪ್ರತಿನಿಧಿ ಅರ್ಜಿಯ ಆಸೆ ಬಿಟ್ಟು, ಎದುರಿಗಿದ್ದ ‘ಚೂಸ್ ಫೈಲ್’ ಬಟನ್ನನ್ನೇ ಮಾತಿಗೆಳೆದರು.

“ಬೈಯೋದಾದ್ರೆ ಆ ಮಿತಿ ಹಾಕಿದವರಿಗೆ ಬೈಯಿರಿ ಸಾರ್. ನಾನು ಬಾಗಿಲು ತೆಗೆಯೋನು ಅಷ್ಟೆ” ಎಂದಿತು ಬಟನ್. ಮೂವತ್ತು ವರ್ಷದ ಸರ್ವೀಸು ದನಿಯಲ್ಲೇ ಗೊತ್ತಾಗುತ್ತಿತ್ತು.

ಹುಟ್ಟಿದ್ದು ಯಾವಾಗ ಎಂದು ಪ್ರತಿನಿಧಿ ಕೇಳಿದರು.

“1995ರ ನವೆಂಬರ್. ಅಮೆರಿಕದ ಝೆರಾಕ್ಸ್ ಕಂಪನಿಯ ನೆಬೆಲ್, ಮಾಸಿಂಟರ್ ಅಂತ ಇಬ್ಬರು ಆರ್‌ಎಫ್‌ಸಿ 1867 ಅಂತ ಒಂದು ದಸ್ತಾವೇಜು ಬರೆದರು. ಅದೇ ನನ್ನ ಜನನ ಪತ್ರ. ನಿಮ್ಮ ಕಡೆ ಜನ ಅಂಕಪಟ್ಟಿನ ಝೆರಾಕ್ಸ್ ಮಾಡಿಸಿ, ಆ ಝೆರಾಕ್ಸನ್ನ ಸ್ಕ್ಯಾನ್ ಮಾಡಿಸಿ, ಕೊನೆಗೆ ತಂದು ನನ್ನ ಬಾಯಿಗೇ ಹಾಕ್ತಾರೆ. ತವರಿನ ಋಣ ತೀರೋದೇ ಇಲ್ಲ.”

ಸುಳ್ಳು ಹೇಳುವ ಅಭ್ಯಾಸ ಇದೆಯಂತಲ್ಲ ಎಂದಾಗ ಅದು ನಾಚಲಿಲ್ಲ. ಹಿಂದೆ ಕೆಲವು ಬ್ರೌಸರ್‌ಗಳು ಫೈಲು ಕಂಪ್ಯೂಟರಿನ ಯಾವ ಫೋಲ್ಡರಿನಲ್ಲಿದೆ ಎಂಬ ಪೂರ್ತಿ ವಿಳಾಸವನ್ನೇ ಸೈಟಿಗೆ ಒಪ್ಪಿಸಿಬಿಡುತ್ತಿದ್ದವು. ಅದು ಅಪಾಯ ಎಂದಾದ ಮೇಲೆ, ಫೈಲು ಎಲ್ಲಿಂದ ಬಂತು ಎಂದು ಪುಟದ ಸ್ಕ್ರಿಪ್ಟು ಕೇಳಿದರೆ ಬಟನ್ ‘ಸಿ ಡ್ರೈವ್, ಫೇಕ್‌ಪಾತ್’ ಎನ್ನುತ್ತದೆ. ಸಿ ಡ್ರೈವೇ ಇಲ್ಲದ ಮ್ಯಾಕ್‌ನಲ್ಲೂ ಅದೇ ಉತ್ತರ. ಫೇಕ್ ಎಂದು ಬಾಯಿಬಿಟ್ಟು ಹೇಳಿಯೇ ಸುಳ್ಳು ಹೇಳುವ ಪ್ರಾಮಾಣಿಕತೆ ಸಾರ್ವಜನಿಕ ಜೀವನದಲ್ಲಿ ಅಪರೂಪ ಎಂದು ಪ್ರತಿನಿಧಿ ಪಕ್ಕದಲ್ಲಿ ಬರೆದುಕೊಂಡರು.

ಮಾತು ಬಟನ್ನಿನ ಅಲಂಕಾರದ ಕಡೆಗೆ ತಿರುಗಿತು. ಬೋಳು ಬಟನ್ ಯಾರಿಗೆ ಬೇಕು? ಡ್ರಾಪ್‌ಜೋನ್, ಫೈಲ್‌ಪಾಂಡ್, ಅಪ್ಪಿ ಎಂಬ ಸಿದ್ಧ ಕೋಡಿನ ಲೈಬ್ರರಿಗಳು ಬಂದವು. ಚುಕ್ಕೆಗೆರೆಯ ಚೌಕ, ನಡುವೆ ಮೋಡದ ಚಿತ್ರ, ಮೋಡದೊಳಗೆ ಮೇಲ್ಮುಖ ಬಾಣ, ‘ಎಳೆದು ಇಲ್ಲಿ ಬಿಡಿ’ ಎಂಬ ಒಕ್ಕಣೆ.

“ಅದರ ಹಿಂದೆ ಎಷ್ಟೋ ಕಡೆ ನಾನೇ ಕೂತಿರ್ತೀನಿ ಸಾರ್, ಕಣ್ಣಿಗೆ ಕಾಣದ ಹಾಗೆ. ಮದುವೆಮನೆ ಅಡುಗೆಭಟ್ಟರ ಥರ. ಹೋಳಿಗೆ ಮಾಡೋನು ಒಳಗೆ, ‘ಇನ್ನೊಂದು ಹಾಕಿಸ್ಕೊಳ್ಳಿ’ ಅಂತ ಉಪಚಾರ ಹೇಳೋನು ಹೊರಗೆ.”

ಆದರೆ ಈಗ ಈ ಲೈಬ್ರರಿಗಳ ಅಂಗಡಿಗೆ ಹೊಸ ಗಿರಾಕಿ ಬರುತ್ತಿದೆಯಲ್ಲ, ಎಐ ಏಜೆಂಟು? ಪ್ರೋಗ್ರಾಮರ್ ‘ಒಂದು ಅಪ್‌ಲೋಡ್ ಪೆಟ್ಟಿಗೆ ಮಾಡಿಕೊಡು’ ಎಂದು ಒಂದು ಸಾಲು ಬರೆದು ಕಾಫಿಗೆ ಎದ್ದುಹೋಗುತ್ತಾನೆ. ಆಯ್ಕೆಯೆಲ್ಲ ಏಜೆಂಟಿನದೇ.

ಬಟನ್ ನಿಟ್ಟುಸಿರಿಟ್ಟಿತು. “ಸೀರೆ ಅಂಗಡಿ ನೋಡಿದೀರಲ್ಲ? ಹಾಸಿಗೆ ಮೇಲೆ ಐವತ್ತು ಸೀರೆ ಹರವಿ, ಸೆರಗು ಬಿಡಿಸಿ ತೋರಿಸ್ತಾರೆ. ಲೈಬ್ರರಿಯೋರು ಕಟ್ಟಿರೋದೂ ಅದನ್ನೇ. ಇಲ್ಲಿ ಜರಿ, ಅಲ್ಲಿ ಅನಿಮೇಷನ್ನು. ಈ ಗಿರಾಕಿ ಒಳಗೆ ಬಂದು, ಸೀರೆ ಕಡೆ ತಿರುಗಿಯೂ ನೋಡದೆ, ಮೂಲೆಗೆ ಪಿನ್ ಮಾಡಿರೋ ಚೀಟಿ ಎಲ್ಲಿ ಅಂತ ಹುಡುಕುತ್ತೆ. ಚೀಟಿ ಸಿಗದಿದ್ರೆ ತಾನೇ ಒಂದು ಹೆಸರು ಕಟ್ಟಿಬಿಡುತ್ತೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ.”

ಇದು ಬರೀ ತಮಾಷೆಯಲ್ಲ. ಇಲ್ಲದ ಪ್ಯಾಕೇಜಿನ ಹೆಸರನ್ನು ಏಜೆಂಟುಗಳು ಧೈರ್ಯವಾಗಿ ಬರೆಯುತ್ತವೆ. ಅದೇ ಹೆಸರಿನಲ್ಲಿ ಕಿಡಿಗೇಡಿಗಳು ವಿಷದ ಕೋಡ್ ನೋಂದಾಯಿಸಿ ಕಾದು ಕೂರಬಹುದೆಂಬುದು ಭದ್ರತಾ ತಜ್ಞರ ತಲೆನೋವು.

ಹಾಗಾಗಿ ಚೀಟಿ ಬರೆಯುವ ಕೆಲಸ ಭರದಿಂದ ಶುರುವಾಗಿದೆ. 2024ರ ಸೆಪ್ಟೆಂಬರಿನಲ್ಲಿ ಜೆರೆಮಿ ಹೊವಾರ್ಡ್ ಎಂಬುವರು ‘ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ’ ಎಂಬ ಫೈಲಿನ ಸಲಹೆ ಮುಂದಿಟ್ಟರು: ಸೈಟಿನಲ್ಲಿ ಏನೇನಿದೆ ಎಂದು ಯಂತ್ರಕ್ಕೆ ತಿಳಿಯುವಂತೆ ಸರಳ ಅಕ್ಷರದ ಒಂದು ಪಟ್ಟಿ. ಮೂರು ತಿಂಗಳೊಳಗೆ ಆಂಥ್ರೊಪಿಕ್ ಕಂಪನಿ ಎಂಸಿಪಿ ಎಂಬ ಒಡಂಬಡಿಕೆ ತಂದಿತು. ಅದರ ಮೂಲಕ ಈಗ, ಲೈಬ್ರರಿಯವರು ಬಯಸಿದರೆ, ಏಜೆಂಟು ನೇರವಾಗಿ ಹುಡುಕಿ, ಕೇಳಿ, ಬೇಕಾದ ಕೋಡಿನ ತುಂಡನ್ನಷ್ಟೇ ಎತ್ತಿಕೊಳ್ಳಬಹುದು. ಶಾಡ್‌ಸಿಎನ್ ಯುಐ ಮಾದರಿಯ ಭಂಡಾರಗಳಲ್ಲಿ ಪ್ರತಿ ತುಂಡಿಗೂ ಹೆಸರು, ವಿವರಣೆ, ಅದು ನೆಚ್ಚಿಕೊಂಡ ಇತರ ಪ್ಯಾಕೇಜುಗಳು, ಫೈಲುಗಳು ಎಲ್ಲ ಪಹಣಿಯಂತೆ ನಮೂದಾಗಿರುತ್ತವೆ.

“ಸಂತೋಷ ಅಲ್ಲವೇ?”

“ಸಂತೋಷವೇ. ಆದ್ರೆ ಕಣ್ಣು ಕಾಣದೋರು ಇದನ್ನೇ ಎಷ್ಟು ವರ್ಷದಿಂದ ಕೇಳ್ತಾ ಬಂದರು ಗೊತ್ತಾ? ಮೊದಲ ವೆಬ್ ಸುಗಮ್ಯತಾ ನಿಯಮಾವಳಿ ಬಂದಿದ್ದೇ 1999ರಲ್ಲಿ. ‘ಮೋಡದ ಚಿತ್ರಕ್ಕೆ ಒಂದು ಹೆಸರು ಕೊಡ್ರಪ್ಪ, ನಮ್ಮ ಸ್ಕ್ರೀನ್ ರೀಡರ್ ಓದಲಿ’ ಅಂದ್ರೆ, ಮುಂದಿನ ಆವೃತ್ತಿಲಿ ನೋಡೋಣ ಅಂದೋರೇ ಹೆಚ್ಚು. ಕೈ ನಡುಗೋರಿಗೆ ಎಳೆದು ಬಿಡೋಕೆ ಆಗಲ್ಲ, ಬೇರೆ ದಾರಿ ಇರಲೇಬೇಕು ಅಂತ ನಿಯಮ ಸೇರಿದ್ದು 2023ರ ಅಕ್ಟೋಬರಿನಲ್ಲಿ. ಈಗ ಬ್ರೌಸರ್ ಓಡಿಸೋ ಪ್ಲೇರೈಟ್‌ನಂಥ ಸಾಧನಗಳು ಏಜೆಂಟಿಗೆ ಪುಟ ಓದಿಸೋದೂ ಆ ಸ್ಕ್ರೀನ್ ರೀಡರ್ ಓದೋ ಪಟ್ಟಿಯಿಂದಲೇ. ಯಂತ್ರ ಎಡವಿತು ನೋಡಿ, ಮೋಡಕ್ಕೆ ರಾತ್ರೋರಾತ್ರಿ ನಾಮಕರಣ.”

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಪ್ರತಿನಿಧಿಯೇ ವಿಷಯ ಬದಲಿಸಿದರು: ಚೀಟಿಯಲ್ಲಿ ಬರೆಯಲೇಬೇಕಾದ್ದು ಏನು? ಬಟನ್ ಗುಮಾಸ್ತರ ಧಾಟಿಗೆ ಮರಳಿತು. ತನಗೆ ಅಂಟಿಸಿದ ‘ಆ್ಯಕ್ಸೆಪ್ಟ್’ ಎಂಬ ಸೂಚನೆ ಬರೀ ಸೂಚನೆ. ಜೆಪಿಜಿ ಮಾತ್ರ ಎಂದರೂ ಹಟ ಹಿಡಿದವರು ಬೇರೆ ಫೈಲು ತುರುಕಬಹುದು. ಸರ್ವರ್ ಮತ್ತೆ ತಪಾಸಣೆ ಮಾಡಲೇಬೇಕು. ಚೀಟಿಯಲ್ಲಿ ಇದಿಲ್ಲದಿದ್ದರೆ ಏಜೆಂಟು ಬೀಗವಿಲ್ಲದ ಬಾಗಿಲು ಕಟ್ಟಿ ಹೋಗುತ್ತದೆ. ಇನ್ನೊಂದು, ‘ಟಸ್’ ಎಂಬ ಪದ್ಧತಿ. ದೊಡ್ಡ ವಿಡಿಯೊ ಕಳಿಸುವಾಗ ಕರೆಂಟು ಹೋದರೆ, ಮರಳಿ ಬಂದ ಮೇಲೆ ‘ಎಷ್ಟು ಬೈಟ್ ತಲುಪಿದೆ?’ ಎಂದು ಸರ್ವರನ್ನು ಕೇಳಿ ಅಲ್ಲಿಂದಲೇ ಮುಂದುವರಿಸುವುದು. ಇದನ್ನು ವಿವರಣೆಯ ಮೊದಲ ಸಾಲಿನಲ್ಲೇ ಹಾಕಿದರೆ ಏಜೆಂಟಿನ ಕಣ್ಣಿಗೆ ಬಿದ್ದೀತು. ‘ಅಂದವಾದ, ಆಧುನಿಕ, ಅದ್ಭುತ’ ಎಂಬ ವಿಶೇಷಣಗಳಿಂದ ಅದಕ್ಕೆ ಏನೂ ಆಗಬೇಕಾದ್ದಿಲ್ಲ.

ಅಷ್ಟರಲ್ಲಿ ಕಿಟಕಿಯಲ್ಲಿ ಒಂದು ಏಜೆಂಟು ಬಂದು ನಿಂತಿತು. “ಯಾವ ಫೈಲು ತಂದಿದೀರಿ?” ಎಂದಿತು ಬಟನ್. “ತಂದಿಲ್ಲ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ” ಎಂದಿತು ಏಜೆಂಟು.

“ನೀವು ಒಂದು ಫೋಟೊ ಕೊಟ್ಟರೆ ಸಂದರ್ಶನದ ಜೊತೆ ಹಾಕುತ್ತೇವೆ” ಎಂದರು ಪ್ರತಿನಿಧಿ, ಏಳುತ್ತಾ.

“ಎಷ್ಟು ಕೆಬಿ ಒಳಗಿರಬೇಕು?” ಎಂದಿತು ಬಟನ್.