ಕಿರುಬೆರಳೂ ಹಿತಕಬೇಳೆಯೂ

ಮುರಿದುಕೊಳ್ಳುವುದೇ ಆದರೆ ದೊಡ್ಡ ಮೂಳೆಯನ್ನೇ ಮುರಿದುಕೊಳ್ಳಬೇಕು. ತೊಡೆಯ ಮೂಳೆ ಮುರಿದವರಿಗೆ ಸಿಗುವ ಮರ್ಯಾದೆ ನೋಡಿ. ಬೆಳ್ಳನೆಯ ಪ್ಲಾಸ್ಟರು, ಅದರ ಕೆಳಗೊಂದು ದಿಂಬು, ಮೋಸಂಬಿ ಚೀಲ ಹಿಡಿದು ಬರುವ ನೆಂಟರು, ಆಫೀಸಿನವರ ಹಾರ್ಲಿಕ್ಸ್ ಬಾಟಲಿ. ಮದುವೆ ಮನೆಯಲ್ಲೂ ಮುಖ ತಿರುಗಿಸಿಕೊಂಡು ಹೋಗುವ ಷಡ್ಡಕ ಕೂಡ ಬಂದು ಮಂಚದ ಪಕ್ಕ ಅರ್ಧ ಗಂಟೆ ಕೂತು ನಿಟ್ಟುಸಿರು ಬಿಟ್ಟು ಹೋಗುತ್ತಾನೆ. ಕಾಲಿನ ಕಿರುಬೆರಳು ಮುರಿದುಕೊಂಡವನಿಗೆ ಸಿಗುವುದು ಒಂದು ಪ್ರಶ್ನೆ ಮಾತ್ರ: "ನೋಡ್ಕೊಂಡು ನಡೀಬಾರ್ದಾ?"

ನಾನು ನೋಡಿಕೊಂಡೇ ನಡೆದಿದ್ದೆ. ಹಾಡಹಗಲು. ತಾತನ ಕಾಲದ ಬೀಟೆ ಮಂಚ ಎಂದಿನ ಜಾಗದಲ್ಲೇ ಇತ್ತು, ನಾನೂ ಎಂದಿನ ದಾರಿಯಲ್ಲೇ ಹೊರಟಿದ್ದೆ. ನಾಲ್ಕು ಬೆರಳುಗಳು ಮಂಚದ ಕಾಲಿನ ಒಳಗಡೆಯಿಂದ ಹೋದವು. ಐದನೆಯದು ಹೊರಗಡೆಯಿಂದ ಹೋಗುವ ಮನಸ್ಸು ಮಾಡಿತು. ಟಕ್ ಎಂದಿತು.

ಇಂಥ ಪೆಟ್ಟಿನಲ್ಲಿ ನೋವು ಎರಡು ಕಂತಿನಲ್ಲಿ ಬರುತ್ತದೆ. ವೇಗದ ನರಗಳು ಚುರುಕ್ ಎನ್ನುವ ಸುದ್ದಿಯನ್ನು ಮೊದಲು ಮುಟ್ಟಿಸುತ್ತವೆ. ಜೀವ ಹಿಂಡುವ ಅಸಲು ನೋವು ನಿಧಾನದ ನರಗಳಲ್ಲಿ ಹಿಂದೆ ಬರುತ್ತದೆ. ಆ ಎರಡರ ನಡುವಿನ ಬಿಡುವಿನಲ್ಲಿ ನಾನು ಕೈಯಲ್ಲಿದ್ದ ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಜೋಪಾನವಾಗಿ ಇಟ್ಟೆ. ಆಮೇಲೆ ಕಿರುಚಿದೆ. ಈ ಜೋಪಾನವೇ ನನಗೆ ಮುಳುವಾಯಿತು. "ಅಷ್ಟೊಂದು ನೋವಾಗಿದ್ರೆ ಕಾಫಿ ಚೆಲ್ತಿರ್ಲಿಲ್ವಾ?" ಎಂಬ ನನ್ನ ಹೆಂಡತಿಯ ವಾದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ಆ ಹೊತ್ತಿಗೆ ಅವಳು ಮನೆಯಲ್ಲಿರಲಿಲ್ಲ. ಬೆರಳು ನೋಡನೋಡುತ್ತಲೇ ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತು. ಐಸ್ ಇಡಬೇಕು ಎನ್ನುವಷ್ಟು ತಿಳಿವಳಿಕೆ ನನಗೂ ಇದೆ. ಕುಂಟುತ್ತ ಹೋಗಿ ಫ್ರೀಜರ್ ತೆಗೆದರೆ ಐಸ್ ಟ್ರೇ ಖಾಲಿ. ಖಾಲಿ ಮಾಡಿದವರು ಮತ್ತೆ ನೀರು ತುಂಬಿಡಬೇಕೆಂಬ ಕಾನೂನು ನಮ್ಮ ಮನೆಯಲ್ಲಿ ಯಾರಿಗೂ ಅನ್ವಯಿಸುವುದಿಲ್ಲ. ಇನ್ನೂ ಒಳಗೆ ಕೈ ಹಾಕಿದೆ. ಐಸ್‌ಕ್ರೀಮ್ ಡಬ್ಬಿಯ ಹಿಂದೆ, ಯಾರಿಗೂ ಕಾಣದಂತೆ, ಹಿತಕಿದ ಅವರೆಬೇಳೆಯ ಪ್ಯಾಕೆಟ್ಟು ಮಲಗಿತ್ತು.

ಈ ಬೇಳೆಯ ಹಿನ್ನೆಲೆ ಹೇಳಲೇಬೇಕು. ಸಂಕ್ರಾಂತಿಯ ಆಸುಪಾಸಿನಲ್ಲಿ, ಸೊಗಡು ಘಮ್ಮೆನ್ನುವ ಮಾಗಡಿ ಅವರೆಕಾಯಿ ತಂದು, ಸುಲಿದು, ಕಾಳನ್ನು ರಾತ್ರಿಯಿಡೀ ನೆನೆಸಿ, ಒಂದೊಂದನ್ನೇ ಹೆಬ್ಬೆರಳಲ್ಲಿ ಹಿತುಕಿ ಸಿಪ್ಪೆಯಿಂದ ಬಿಡಿಸಿ ನನ್ನ ಹೆಂಡತಿ ಕಾಪಿಟ್ಟದ್ದು ಅದು. ಮೇ ತಿಂಗಳಲ್ಲಿ ಅಮೆರಿಕದಿಂದ ಬರಲಿದ್ದ ಅವಳ ತಮ್ಮನಿಗಾಗಿ. ಅದರ ಮೇಲೆ ನನ್ನ ಕಣ್ಣು ಬೀಳಬಾರದೆಂದೇ ಅಷ್ಟು ಒಳಗೆ ಇಟ್ಟಿದ್ದಳು. ಕಣ್ಣೇನೋ ಬೀಳಲಿಲ್ಲ.

ಟೀಪಾಯಿಯ ಮೇಲೆ ಕಾಲು ಚಾಚಿ, ಬೆರಳಿಗೆ ತೆಳು ಟವೆಲ್ ಸುತ್ತಿ, ಮೇಲೆ ಪ್ಯಾಕೆಟ್ಟನ್ನು ಹೊದಿಸಿದೆ. ಆ ಸುಖವನ್ನು ಏನೆಂದು ಹೇಳಲಿ! ಐಸ್ ಗಡ್ಡೆ ಮೊಂಡು. ಒಂದು ಮೂಲೆಯಲ್ಲಿ ಕೂತರೆ ಕೂತಿತು. ಅವರೆಬೇಳೆ ಹಾಗಲ್ಲ, ನಯ ನಾಜೂಕು ಬಲ್ಲದ್ದು. ಬೆರಳ ಸಂದಿಗೆ ಇಳಿದು, ಊತದ ಏರುತಗ್ಗಿಗೆಲ್ಲ ಒಗ್ಗಿಕೊಂಡು, ಎಲ್ಲಿ ಎಷ್ಟು ತಂಪು ಬೇಕೋ ಅಲ್ಲಿ ಅಷ್ಟನ್ನೇ ಕೊಡುತ್ತದೆ. ಹೊರದೇಶದವರು ಇದಕ್ಕೆ ಬಟಾಣಿ ಬಳಸುತ್ತಾರೆ. ಪಾಪ, ಅವರಿಗೆ ಅವರೆ ಗೊತ್ತಿಲ್ಲ. ನಾನು ಕಣ್ಣು ಮುಚ್ಚಿ ಒರಗಿದ್ದಾಗ ಬಾಗಿಲು ತೆರೆಯಿತು. ಹೆಂಡತಿ, ಅವಳ ಹಿಂದೆ ನನ್ನ ಸೋದರತ್ತೆ.

"ಅಯ್ಯೋ ನಿನ್ನ! ಧಾನ್ಯದ ಮೇಲೆ ಕಾಲಿಟ್ಟಿದೀಯೇನೋ?" ಅತ್ತೆ ಹೊಸ್ತಿಲಲ್ಲೇ ನಿಂತರು.

"ಕಾಳಿನ ಮೇಲೆ ಕಾಲಿಟ್ಟಿಲ್ಲ ಅತ್ತೆ, ಕಾಲಿನ ಮೇಲೆ ಕಾಳಿಟ್ಟಿದೀನಿ."

ಇದು ಸಣ್ಣ ವ್ಯತ್ಯಾಸವೆಂದು ನೀವು ತಿಳಿಯಬಾರದು. ಅತ್ತೆ ಚಪ್ಪಲಿ ಬಿಡುವುದನ್ನೂ ಮರೆತು ಯೋಚಿಸಿದರು. ಕಾಲು ಕೆಳಗಿದ್ದು ಧಾನ್ಯ ಮೇಲಿದ್ದರೆ ದೋಷವೇ? ನಡುವೆ ಪ್ಲಾಸ್ಟಿಕ್ಕು, ಅದರ ಮೇಲೆ ಟವೆಲ್ಲು ಇದ್ದರೆ ಸೋಂಕು ತಗಲುತ್ತದೆಯೇ? ಟವೆಲ್ ಒಗೆದದ್ದೇ? ಒಗೆದದ್ದು ಎಂದೆ. ನನ್ನ ನೆರವಿಗೆ ಯಾವತ್ತೂ ಬಾರದ ಹೆಂಡತಿ ಅವತ್ತು ಬಾಯಿ ಹಾಕಿದಳು: "ನಾನು ಈ ಮನೆಗೆ ಬಂದಾಗ ಹೊಸ್ತಿಲ ಮೇಲಿನ ಸೇರಕ್ಕಿ ಒದ್ದೇ ಒಳಗೆ ಬಂದದ್ದಲ್ವಾ ಅತ್ತೆ? ನೀವೇ ತಾನೆ, ಬಲಗಾಲಲ್ಲಿ ಒದಿಯಮ್ಮಾ ಅಂದದ್ದು?" ಅವಳಿಗೆ ನನ್ನ ಪಾಪಪುಣ್ಯದ ಚಿಂತೆಯಿರಲಿಲ್ಲ. ದೋಷವೆಂದು ತೀರ್ಪಾದರೆ ಬೇಳೆ ಕಸದ ಬುಟ್ಟಿ ಸೇರುತ್ತದೆಂಬ ಗಾಬರಿ.

ಸೇರಕ್ಕಿಯ ಪ್ರಸ್ತಾಪಕ್ಕೆ ಅತ್ತೆ ಸ್ವಲ್ಪ ಮೆತ್ತಗಾದರು. ಪ್ಯಾಕೆಟ್ ಒಡೆದಿಲ್ಲವಾದ್ದರಿಂದ ಬೇಳೆ ಶುದ್ಧ. ಆದರೂ ನಾನದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ಇತ್ಯರ್ಥವಾಯಿತು. ಪ್ಯಾಕೆಟ್ ಕಾಲಿನ ಮೇಲೆ, ಕಾಲು ಟೀಪಾಯಿಯ ಮೇಲೆ. ಹೊಟ್ಟೆ ಅಡ್ಡ ಬರುತ್ತಿದ್ದರೂ ಬಗ್ಗಿ, ಎರಡೂ ಕೈ ಚಾಚಿ, ಮುಟ್ಟಿ, ಕಣ್ಣಿಗೊತ್ತಿಕೊಂಡೆ. ಅದೇ ಗಳಿಗೆಗೆ ಒಳಗೆ ಬಂದ ಪಕ್ಕದ ಮನೆಯವರಿಗೆ ಕಂಡದ್ದಿಷ್ಟು: ಒಬ್ಬ ಮನುಷ್ಯ ತನ್ನ ಪಾದಕ್ಕೆ ತಾನೇ ಭಕ್ತಿಯಿಂದ ನಮಸ್ಕರಿಸುತ್ತಿದ್ದಾನೆ, ಇಬ್ಬರು ಹೆಂಗಸರು ನಿಂತು ಮೇಲ್ವಿಚಾರಣೆ ಮಾಡುತ್ತಿದ್ದಾರೆ. ಅವರು ಏನನ್ನೂ ಕೇಳಲಿಲ್ಲ. "ಪುತ್ತೂರು ಕಟ್ಟು ಹಾಕಿಸಿಬಿಡಿ, ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು" ಎಂದು ಹೇಳಿ, ಸಕ್ಕರೆ ಇಸಿದುಕೊಂಡು ಹೋದರು.

ಅಲ್ಲಿಂದ ಸಲಹೆಗಳ ಮಳೆ. ಹುಣಸೆಹಣ್ಣಿಗೆ ಉಪ್ಪು ಹಾಕಿ ಕುದಿಸಿದ ಪಟ್ಟು, ಅರಿಶಿನ ಸುಣ್ಣ, ನೀಲಗಿರಿ ಎಣ್ಣೆ. ಮಂಚದ ದಿಕ್ಕು ಬದಲಿಸಿ ಎಂದೊಬ್ಬರು. ಒಬ್ಬರೂ ಮೋಸಂಬಿ ತರಲಿಲ್ಲ.

ಡಾಕ್ಟರು ಎಕ್ಸ್‌ರೇ ತೆಗೆಸಿ, ಸಣ್ಣ ಬಿರುಕಿದೆ ಎಂದರು. ಪಾದವೊಂದರಲ್ಲಿ 26 ಮೂಳೆಗಳಂತೆ. ಪುಸ್ತಕದ ಲೆಕ್ಕದಲ್ಲಿ ಕಿರುಬೆರಳಿಗೆ ಮೂರು. ಆದರೆ ಎಷ್ಟೋ ಜನರಲ್ಲಿ ತುದಿಯ ಎರಡು ಕೂಡಿಕೊಂಡು ಎರಡೇ ಇರುತ್ತವೆ. ನನ್ನದೂ ಆ ಜಾತಿ. ಬಡವನ ಮನೆಯಲ್ಲೇ ಕಳ್ಳತನ! "ಪ್ಲಾಸ್ಟರು?" ಎಂದೆ ಆಸೆಯಿಂದ. ಏನೂ ಬೇಡವಂತೆ. ನಡುವೆ ಹತ್ತಿಯಿಟ್ಟು ಪಕ್ಕದ ಬೆರಳಿಗೇ ಸೇರಿಸಿ ಟೇಪು ಸುತ್ತಿದರು, ಅಷ್ಟೆ. ಕೆಲವು ವಾರ ಅಗಲ ಚಪ್ಪಲಿ ಹಾಕಿ ಓಡಾಡಿ ಎಂದರು. ಉಗುರಿನಡಿ ರಕ್ತ ಕಟ್ಟಿ ಕಪ್ಪಾಗಿದೆ. ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುವುದರಿಂದ ಆ ಕಪ್ಪು ಬೇಗ ಹೋಗುವಂಥದ್ದಲ್ಲ.

ಮನೆಗೆ ಬಂದಾಗ ಅತ್ತೆ ಇನ್ನೂ ಇದ್ದರು. "ತುಂಬಾ ನೋಯ್ತಿದೆಯೇನೋ?" ಎಂದರು. ಇಷ್ಟು ಹೊತ್ತಿಗೆ ಒಬ್ಬರಾದರೂ ಕೇಳಿದರಲ್ಲ ಎಂದು ನಾನು ಮುಖ ಹಿಂಡಿ ಹೂಂ ಅಂದೆ. "ನೋಯಲಿ ಬಿಡು, ಒಳ್ಳೇದು" ಎಂದರು.

ಕೋಪ ಬಂತು. ಆಮೇಲೆ ಅವರ ಪಾದ ನೋಡಿದೆ. ಅತ್ತೆಯ ಬಲಗಾಲಿನಲ್ಲಿ ನಾಲ್ಕೇ ಬೆರಳು. ಹಳೆಯ ಸಕ್ಕರೆ ಕಾಯಿಲೆ, ಕಾಲಿಗೆ ಸ್ಪರ್ಶ ಕಡಿಮೆ. ಚಪ್ಪಲಿಯಲ್ಲಿ ಎದ್ದಿದ್ದ ಮೊಳೆಯ ಮೇಲೆ ಮಾರ್ಕೆಟ್ಟಿನಿಂದ ಮನೆಯವರೆಗೆ ನಡೆದು ಬಂದಿದ್ದರು. ನೆಲದ ಮೇಲೆ ರಕ್ತದ ಗುರುತು ಕಂಡು, "ಇದ್ಯಾರದ್ದೇ?" ಎಂದು ಮಗಳನ್ನು ಕೇಳಿದ್ದೂ ಅವರೇ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳಲ್ಲಿ ಕಂಡದ್ದೂ ಇದನ್ನೇ. ಬೆರಳು ಸವೆಯುವುದು ನೋವು ಗೊತ್ತಾಗದ್ದರಿಂದ. ಕಾದ ಪಾತ್ರೆ ಸುಡುತ್ತದೆ, ರಾತ್ರಿ ಮಲಗಿದಾಗ ಇಲಿ ಕಡಿಯುತ್ತದೆ, ರೋಗಿಗೆ ಎಚ್ಚರವಾಗುವುದಿಲ್ಲ. ಅದಕ್ಕೇ ಮನೆಗೆ ಹೊರಟವರಿಗೆ ಅವರು ಒಂದೊಂದು ಬೆಕ್ಕು ಕೊಟ್ಟು ಕಳಿಸುತ್ತಿದ್ದರಂತೆ. ನಮ್ಮತ್ತೆ ಬೆಕ್ಕು ಸಾಕಿಲ್ಲ, ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ ಹಾಕುತ್ತಾರೆ, ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಾರೆ. ಹಾಗೆ ಸ್ಪರ್ಶ ಸತ್ತ ಕಾಲಿಗೆ ಐಸೂ ಇಡಬಾರದು, ಬಿಸಿನೀರೂ ಬೇಡ. ಅವರೆಬೇಳೆಯ ಸುಖವೂ ಅವರಿಗಿಲ್ಲ. ನಾನು ಸ್ವಲ್ಪ ಹೊತ್ತು ನರಳುವುದನ್ನು ನಿಲ್ಲಿಸಿದೆ.

ಮೇ ತಿಂಗಳಲ್ಲಿ ಭಾವಮೈದ ಬಂದ. ಹಿತಕಬೇಳೆ ಸಾರು, ಬಿಸಿ ಮುದ್ದೆ, ತುಪ್ಪ. ಮೊದಲ ತುತ್ತಿಗೇ ಕಣ್ಣು ಮುಚ್ಚಿದ. "ಈ ಸೊಗಡು ಅಲ್ಲಿ ಎಲ್ಲಿ ಸಿಗಬೇಕು ಭಾವ!" ಹೆಂಡತಿ ನನ್ನನ್ನು ನೋಡಿದಳು. ನಾನು ಮಜ್ಜಿಗೆ ಕೇಳಿದೆ.

ಓದುಗರಲ್ಲಿ ನನ್ನದೊಂದು ಪ್ರಾರ್ಥನೆ. ನಿಮ್ಮ ಫ್ರೀಜರಿನಲ್ಲೂ ಬೇಳೆಯಿದ್ದರೆ ಪ್ಯಾಕೆಟ್ಟುಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ: ಇದು ಸಾರಿಗೆ, ಇದು ಕಾಲಿಗೆ.