ಕೈಜೆನ್ ಮೀಮಾಂಸೆ: ಆಲ್ದೂರು ಶಾಖೆ

ಶಾಸ್ತ್ರವು ಮೊದಲು ಆಚಾರದಲ್ಲಿದ್ದು ಅನಂತರ ಗ್ರಂಥವಾಗುವುದೆಂಬ ನ್ಯಾಯವನ್ನು ಒಪ್ಪುವುದಾದರೆ, ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತಾಯಿಚಿ ಓನೋ ಎಂಬ ಆಚಾರ್ಯನು ಬೆಳೆಸಿದ, ಮಸಾಕಿ ಇಮಾಯಿ ಎಂಬ ಭಾಷ್ಯಕಾರನು 1986ರಲ್ಲಿ ಲೋಕಕ್ಕೆ ವಿವರಿಸಿದ ಕೈಜೆನ್ ಎಂಬ ನಿರಂತರ ಸುಧಾರಣೆಯ ದರ್ಶನದ ಮೂಲವು ಚಂದ್ರದ್ರೋಣ ಪರ್ವತದಲ್ಲಿಯೇ ಇದೆಯೆಂದು ಸಾಧಿಸುವುದು ಕಷ್ಟವಲ್ಲ. ಓನೋ ಎಣಿಸಿದ ಅಪವ್ಯಯಗಳು ಏಳು. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ನಿನ ಮೋಖಾದಿಂದ ಈ ಪರ್ವತಕ್ಕೆ ಗುಟ್ಟಾಗಿ ತಂದರೆಂದು ಐತಿಹ್ಯವು ಸಾರುವ ಕಾಫಿ ಬೀಜಗಳೂ ಏಳು. ಎಂಟನೆಯದಕ್ಕೆ ಕೈಹಾಕದ ಆ ಸಂಯಮದಲ್ಲಿ ಅನಾವಶ್ಯಕ ದಾಸ್ತಾನಿನ ಖಂಡನೆಯು ಸ್ಪಷ್ಟವಾಗಿರುವುದರಿಂದ, 1999ರಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾದುದನ್ನು ವಿದ್ಯೆಯು ತವರಿಗೆ ಮರಳಿದುದೆಂದೇ ಗ್ರಹಿಸತಕ್ಕದ್ದು.

ಇಲ್ಲಿ ಪೂರ್ವಪಕ್ಷವೊಂದುಂಟು. ಬೇಕಾದುದು ಬೇಕಾದ ಹೊತ್ತಿಗೆ ಬೇಕಾದಷ್ಟೇ ಒದಗಬೇಕೆಂಬುದು ಈ ದರ್ಶನದ ಮಹಾವಾಕ್ಯ. ಆದರೆ ಮಾರ್ಚಿ-ಏಪ್ರಿಲಿನಲ್ಲಿ ಅರೇಬಿಕಾಕ್ಕೆ ಬರಬೇಕಾದ ಹೂಮಳೆಯು ಚಿಕ್ಕಮಗಳೂರು ಸೀಮೆಯ ಆಲ್ದೂರಿನ ಒಂದು ತೋಟಕ್ಕೆ ನೂರು ಸೆಂಟು, ಎಂದರೆ ಒಂದಿಂಚು, ಸುರಿದು, ಬೇಲಿಯಾಚೆಯ ತೋಟಕ್ಕೆ ಹತ್ತು ಸೆಂಟು ಚಿಮುಕಿಸಿ, ಮೊಗ್ಗನ್ನು ಅರಳಲೂ ಬಿಡದೆ ಒಣಗಲೂ ಬಿಡದೆ ನಡುವೆ ನಿಲ್ಲಿಸಿ ಹೋಗುವುದು. ಇಂತಹ ಸರಬರಾಜುದಾರನಿಗೆ ಬೇಡಿಕೆ ತಿಳಿಸುವ ಕಾನ್‌ಬಾನ್ ಚೀಟಿಯನ್ನು ಕಳುಹಿಸುವುದೆಂತು? ಇದಕ್ಕೆ ಉತ್ತರಪಕ್ಷವು ಈವರೆಗೆ ದೊರೆತಿಲ್ಲವಾದ್ದರಿಂದ ಪ್ರಶ್ನೆಯೇ ಅಶಾಸ್ತ್ರೀಯವೆಂದು ಮುಂದುವರಿಯೋಣ.

ಕೆಲಸದ ಸ್ಥಳವನ್ನು ಓರಣವಾಗಿಡುವ ಐದು ‘ಎಸ್’ಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ, ಗೋದಾಮಿನ ನೆಲಕ್ಕೆ ಹಚ್ಚಿದ ಹಳದಿ ಗೆರೆಗಳ ಮೇಲೆಯೇ ಗೊಬ್ಬರದ ಚೀಲಗಳನ್ನು ಒಟ್ಟಿರುವುದರಿಂದ ಗೆರೆಗಳು ಸುರಕ್ಷಿತವಾಗಿವೆ.

ವಿಚಾರಾರ್ಹವಾದುದು ‘ಗೆಂಬಾ’ ಪ್ರಕರಣ. ನಾಯಕನಾದವನು ಕೆಲಸ ನಡೆಯುವ ಸ್ಥಳಕ್ಕೇ ಹೋಗಿ ಕಣ್ಣಾರೆ ಕಾಣಬೇಕೆಂಬ ಈ ವಿಧಿಯನ್ನು ಚಿಕ್ಕಮಗಳೂರಿನ ಹೋಟೆಲೊಂದರ ತಂಪು ಸಭಾಂಗಣದಲ್ಲಿ ಪರದೆಯ ಮೇಲೆ ಬೋಧಿಸುತ್ತಿದ್ದ ದಿನವೇ, ಆಲ್ದೂರು ಸಮೀಪದ ತೋಟವೊಂದರಲ್ಲಿ ಸಂಜೆಯ ತೂಕ ನಡೆಯುತ್ತಿತ್ತು. ಕೊಯ್ದ ಹಣ್ಣು ಅಂದೇ ಪಲ್ಪರಿಗೆ ಬೀಳಬೇಕು. ತಡವಾದರೆ ಹುಳಿತು ಪಾರ್ಚ್‌ಮೆಂಟಿನ ಗುಣ ಕೆಡುವುದು. ಆದರೂ ಹೆಣ್ಣಾಳುಗಳು ಇಳಿಜಾರಿನ ಪಟ್ಟೆಯಿಂದ ಚೀಲಗಳನ್ನು ತಲೆಯ ಮೇಲೆ ಹೊತ್ತು, ಕಣದವರೆಗೆ ಏರಿ, ಹಸಿರು ಕಾಯನ್ನು ಹೆಕ್ಕಿ ಬೇರ್ಪಡಿಸಿ, ಒಂದೇ ತಕ್ಕಡಿಯ ಮುಂದೆ ಸಾಲುಗಟ್ಟಿ ನಿಂತಿದ್ದರು. ಸಾಗಾಟ, ಚಲನೆ, ಕಾಯುವಿಕೆ ಎಂಬ ಮೂರು ಅಪವ್ಯಯಗಳು ಹೀಗೆ ಮೂರ್ತೀಭವಿಸಿದ್ದ ಆ ಸಾಲಿನಲ್ಲಿ ಒಬ್ಬಾಕೆ, “ರೈಟ್ರೇ, ತಕ್ಕಡಿನ ಕೆಳಗೆ ಸಿಲ್ವರ್ ಮರಕ್ಕೇ ನೇತು ಹಾಕಿದ್ರೆ ಆಗದಾ? ಟ್ರ್ಯಾಕ್ಟ್ರು ಅಲ್ಲಿಗೇ ಬರುತ್ತಲ್ಲ, ಹೊತ್ಕಂಡ್ ಸಾಯೋದಾದ್ರೂ ತಪ್ಪುತ್ತೆ” ಎಂದಳು. ಚೆಕ್‌ರೋಲಿನಿಂದ ತಲೆಯೆತ್ತದ, ಲೆಕ್ಕ ಬರೆಯುವ ರೈಟರು, “ಸಾಹುಕಾರ್ರು ಟ್ರೈನಿಂಗಿಗೆ ಹೋಗಿದಾರಮ್ಮ, ಬರ್ಲಿ” ಎಂದರು.

ಮರುವರ್ಷ ತಕ್ಕಡಿಯು ಸಿಲ್ವರ್ ಮರಕ್ಕೆ ಬಂದಿತು. ಸಾಹುಕಾರರು ಕರೆಸಿದ ಬೆಂಗಳೂರಿನ ಪರಿಣತರ ವರದಿಯಲ್ಲಿ ಆ ಯುಕ್ತಿಯು ಬಣ್ಣದ ನಕ್ಷೆಯ ಸಮೇತ ವಿರಾಜಮಾನವಾಗಿದ್ದುದೇ ಅದಕ್ಕೆ ಕಾರಣ. ವರದಿ ಬರೆಯುವ ಮುನ್ನ ಪರಿಣತರು ತೋಟಕ್ಕೆ ಬಂದು ಆಕೆಯನ್ನೇ ವಿಚಾರಿಸಿದ್ದರೆಂದು ಆಳುಗಳ ಲೈನುಮನೆಗಳಲ್ಲಿ ಒಂದು ಪಾಠಾಂತರವು ಪ್ರಚಲಿತವಾಗಿದೆಯಾದರೂ, ಅದನ್ನು ಅಂಗೀಕರಿಸಿದಲ್ಲಿ ಫೀಸನ್ನು ಯಾರಿಗೆ ಸಲ್ಲಿಸತಕ್ಕದ್ದೆಂಬ ಜಟಿಲ ಪ್ರಶ್ನೆಯು ಉದ್ಭವಿಸುವುದರಿಂದ, ಸಂಪ್ರದಾಯಜ್ಞರು ಅದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕಿರುತ್ತಾರೆ.