ಮುಂಗಡ ನಗು

ನಮ್ಮಪ್ಪನಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಸಿನಿಮಾದಲ್ಲಿ ನಗು ಬರಬೇಕಾದ ಜಾಗಕ್ಕೆ ಅರ್ಧ ನಿಮಿಷ ಮುಂಚೆಯೇ ನಕ್ಕುಬಿಡುತ್ತಿದ್ದರು. ತೆರೆಯ ಮೇಲೆ ನರಸಿಂಹರಾಜು ಇನ್ನೂ ಬಾಗಿಲು ದಾಟಿ ಒಳಗೆ ಬಂದಿರುತ್ತಿರಲಿಲ್ಲ, ಇತ್ತ ಅಪ್ಪನ ಹೊಟ್ಟೆ ಕುಣಿಯಲು ಶುರು. ಟೆಂಟಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂತ ಮುಂದಿನವರು ತಿರುಗಿ ನೋಡುವರು. "ಸ್ವಾಮಿ, ಸ್ವಲ್ಪ ತಡೀರಿ, ನಾವೂ ದುಡ್ಡು ಕೊಟ್ಟು ಬಂದಿದೀವಿ" ಎಂದು ಒಬ್ಬರು ಕೈಮುಗಿದದ್ದೂ ಉಂಟು. ಅಪ್ಪ ಅದೇ ಚಿತ್ರವನ್ನು ಮೂರನೇ ಸಲ ನೋಡುತ್ತಿದ್ದರು, ಏನು ಮಾಡಲಾದೀತು? ಸಾಲದ್ದಕ್ಕೆ ನರಸಿಂಹರಾಜು ತಿಪಟೂರಿನವರು. ನಮ್ಮೂರ ಕಡೆಯವನ ಹಾಸ್ಯಕ್ಕೆ ನಾವೇ ಮೊದಲು ನಗದಿದ್ದರೆ ಹೇಗೆ ಎನ್ನುವ ಅಭಿಮಾನ ಬೇರೆ.

ಈಗ ಆ ಅಭ್ಯಾಸ ನನಗೆ ಬಂದಿದೆ. ಸಕ್ಕರೆ ಕಾಯಿಲೆಯ ಜೊತೆಗೆ ಅಪ್ಪನಿಂದ ಬಂದ ಪಿತ್ರಾರ್ಜಿತ.

ಹೋದ ಬೇಸಿಗೆ ರಜೆಗೆ ಹತ್ತು ವರ್ಷದ ಮೊಮ್ಮಗ ಬಂದಿದ್ದ. ಕೈಯಲ್ಲಿ ಮೊಬೈಲು, ಮುಖದಲ್ಲಿ ಅದರ ಬೆಳಕು. ಇವನಿಗೆ ಹಳೆಯ ಸಿನಿಮಾದ ರುಚಿ ಹತ್ತಿಸಬೇಕೆಂದು ಟೀವಿಯಲ್ಲಿ 1965ರ 'ಸತ್ಯ ಹರಿಶ್ಚಂದ್ರ' ಹಾಕಿದೆ. "ಮಗು ನಗಲಿ ಅಂತ ಹರಿಶ್ಚಂದ್ರನ ಕಥೆ ಹಾಕೋರು ಲೋಕದಲ್ಲಿ ನೀವೊಬ್ಬರೇ" ಎಂದಳು ಹೆಂಡತಿ. ಅವಳಿಗೆ ನೆನಪಾಗುವುದು ಸ್ಮಶಾನ. ನನಗೆ ನೆನಪಾಗುವುದು ನಕ್ಷತ್ರಿಕ. ವಿಶ್ವಾಮಿತ್ರನ ಸಾಲ ವಸೂಲಿಗೆಂದು ರಾಜನ ಬೆನ್ನಿಗೆ ಬಿದ್ದು ಕಾಡುವ ಆ ನಕ್ಷತ್ರಿಕನಾಗಿ ಕಡ್ಡಿ ಮೈಯ, ಉಬ್ಬು ಹಲ್ಲಿನ ನರಸಿಂಹರಾಜು ಬಂದರು. ಹುಡುಗ ಒಂದೆರಡು ನಿಮಿಷ ನೋಡಿ ಕೇಳಿದ, "ತಾತ, ಇವನು ಲೋನ್ ರಿಕವರಿ ಏಜೆಂಟಾ?"

ಮೂವತ್ತು ವರ್ಷ ತರಗತಿಯಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯ ಪಾಠ ಮಾಡಿದ ನನಗೆ ಹೊಳೆಯದ ವ್ಯಾಖ್ಯಾನ! "ಇವನದೊಳ್ಳೆ ನಕ್ಷತ್ರಿಕನ ಕಾಟ" ಎಂದು ಅವನಮ್ಮ ದಿನಾ ಅವನನ್ನೇ ಬೈಯುತ್ತಾಳೆ. ಬೈಗುಳದ ಮುಖ ಅವನು ಕಂಡದ್ದು ಅಂದೇ. "ಓ, ಇವನಾ ನಾನು?" ಎಂದು ಖುಷಿಪಟ್ಟ.

ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ಮಾರನೇ ದಿನ 1990ರ 'ಗಣೇಶನ ಮದುವೆ' ಹಾಕಿದೆ. ಫಣಿ ರಾಮಚಂದ್ರರ ಚಿತ್ರ. ಅನಂತ್ ನಾಗ್, ವಿನಯಾ ಪ್ರಸಾದ್. ಒಂದೇ ವಠಾರದಲ್ಲಿ ಹಾವು-ಮುಂಗುಸಿಯಂತಿರುವ ಇಬ್ಬರು ಗುಟ್ಟಾಗಿ ಬೇರೆ ಹೆಸರಲ್ಲಿ ಕಾಗದ ಬರೆದುಕೊಂಡು ಪ್ರೀತಿಸುತ್ತಾರೆ. ಬರೆಯುವುದು ಯಾರಿಗೆಂದು ಇಬ್ಬರಿಗೂ ಗೊತ್ತಿಲ್ಲ. ಇಲ್ಲಿ ನಾನು ಸೋತೆ. ವಠಾರ ಎಂದರೇನು ಎಂದ. ಹೇಳಿದೆ. ಅಷ್ಟು ಮನೆಗೂ ಒಂದೇ ನಲ್ಲಿಯಾ ಎಂದ. ಹೌದೆಂದೆ. ಕೊನೆಗೆ, "ಒಬ್ಬರದೊಬ್ಬರು ಡಿಪಿ ನೋಡಿದ್ರೆ ಮುಗೀತಿತ್ತಲ್ಲ?" ಎಂದ. ಇದೊಂದೇ ಪ್ರಶ್ನೆಗೆ ಇಡೀ ಚಿತ್ರ ಕುಸಿದು ಬಿತ್ತು. ಹಾಸ್ಯಕ್ಕೆ ಟಿಪ್ಪಣಿ ಬರೆಯಲು ಹೊರಟವನ ಪಾಡು ಗೆಣಸಿನ ಬಳ್ಳಿ ಬೆಳೆದಿದೆಯೇ ಎಂದು ದಿನಾ ಕಿತ್ತು ನೋಡುವವನದು.

ಮೂರನೇ ದಿನ ಅವನೇ ಹಾಸ್ಯನಟ ಬಾಲಕೃಷ್ಣರ ಒಂದು ದೃಶ್ಯ ಹುಡುಕಿ, ಒಂದೂವರೆ ಪಟ್ಟು ವೇಗದಲ್ಲಿ ಹಾಕಿಕೊಂಡ. ಈಗಿನ ಮಕ್ಕಳು ಹಾಗೆಯೇ ನೋಡುತ್ತಾರಂತೆ. ನಾನು ನೋಡಿದೆ, ಮಾತೆಲ್ಲ ಸರಿಯಿದೆ, ನಗು ಮಾತ್ರ ನಾಪತ್ತೆ. ಬಾಲಕೃಷ್ಣರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತಿನ ಸರದಿ ಹಿಡಿಯುತ್ತಿದ್ದರೆಂದು ಅವರ ಜೊತೆಯವರು ಹೇಳುತ್ತಿದ್ದರು. ಮಾತಿಗೆ ಮುಂಚಿನ ಆ ನೋಟ, ಆ ಚೂರು ತಡ, ನನಗೆ ನಗು ಇರುವುದೇ ಅಲ್ಲಿ. "ಮಾಮೂಲಿ ಸ್ಪೀಡಿಗೆ ಹಾಕೋ" ಎಂದೆ. ಹಾಕಿದ. ಬಾಲಕೃಷ್ಣ ಹುಬ್ಬೇರಿಸಿ ಸುಮ್ಮನೆ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ನನ್ನ ಹೊಟ್ಟೆ ಕುಣಿಯತೊಡಗಿತು. ಹುಡುಗ ಆಗ ಮೊಬೈಲಿನಿಂದ ತಲೆಯೆತ್ತಿದ, ಮಾತು ಬಂತು, ನಕ್ಕ.

"ಇಷ್ಟು ಹೊತ್ತೂ ಮೊಬೈಲ್ ನೋಡ್ತಿದ್ಯಲ್ಲೋ, ಕರೆಕ್ಟಾಗಿ ಹೇಗೆ ತಲೆ ಎತ್ತಿದೆ?"

"ನೀನು ನಕ್ಕ ಮೇಲೇ ತಾನೆ ತಾತ, ಜೋಕ್ ಬರೋದು? ನೀನು ಅಲ್ಲಾಡಿದಾಗ ನೋಡಿದ್ರೆ ಸಾಕು."

ಅಂತೂ ಅವನ ಪಾಲಿಗೆ ನಾನೊಂದು ನೋಟಿಫಿಕೇಶನ್. ಬೇಸರಪಟ್ಟುಕೊಳ್ಳೋಣವೆಂದು ಹೊರಟೆ, ಆಗಲಿಲ್ಲ. ಚಿಕ್ಕಂದಿನಲ್ಲಿ ಟೆಂಟಿನಲ್ಲಿ ಆಟಕ್ಕೆ ಮುಂಚಿನ ಘಂಟಸಾಲರ ವೆಂಕಟೇಶ ಸ್ತುತಿ ಮುಗಿಯುವಷ್ಟರಲ್ಲೇ ನನಗೆ ಜೊಂಪು ಹತ್ತುತ್ತಿತ್ತು. ಅಪ್ಪನ ಹೊಟ್ಟೆಗೆ ತಲೆಯಾನಿಸಿ ಮಲಗಿಬಿಡುತ್ತಿದ್ದೆ. ಹಾಡು, ಅಳು, ಕತ್ತಿಯುದ್ಧ ಯಾವುದೂ ನನ್ನನ್ನು ಎಬ್ಬಿಸುತ್ತಿರಲಿಲ್ಲ. ಆದರೂ ನರಸಿಂಹರಾಜು ಬಾಗಿಲು ದಾಟಿ ಒಳಗೆ ಬಂದ ಒಂದು ದೃಶ್ಯವನ್ನೂ ನಾನು ತಪ್ಪಿಸಿಕೊಂಡಿಲ್ಲ.